ನಿದ್ದೆ, ಸಾಲ, ನೌಕರಿ: ರಾಯಚೂರು ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ



ನಮ್ಮ ಚಂದ್ರಬಂಡ ಹೋಬಳಿಯ ಯಾವ ಊರಿಗೆ ಹೋದರೂ ಇಂಥ ಒಬ್ಬ ಹುಡುಗ ಸಿಗುತ್ತಾನೆ. ಡಿಗ್ರಿ ಮುಗಿಸಿ ಧಾರವಾಡಕ್ಕೆ ಕೋಚಿಂಗ್‌ಗೆ ಹೋದವ. 545 ಪೊಲೀಸ್ ಸಬ್‌ಇನ್‌ಸ್ಪೆಕ್ಟರ್ (ಪಿಎಸ್‌ಐ) ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ಪರೀಕ್ಷೆ ಬರೆದ. ಅಕ್ರಮ ಹೊರಬಿದ್ದು 2022ರ ಏಪ್ರಿಲಿನಲ್ಲಿ ಅದು ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಅಷ್ಟರಲ್ಲಿ ರೂಮಿನ ಬಾಡಿಗೆಗೆಂದು ಅಪ್ಪ ತಂದ ಸಾಲ ಬಡ್ಡಿ ಸೇರಿ ಬೆಳೆದಿತ್ತು. ಊರಿಗೆ ಬಂದರೆ ಚಹಾದಂಗಡಿಯಲ್ಲಿ ಒಂದೇ ಪ್ರಶ್ನೆ: "ನೌಕ್ರಿ ಏನಾತಪ್ಪ?" ಅದಕ್ಕೆ ಅಂಜಿ ಕಟ್ಟೆಗೆ ಬರುವುದನ್ನೇ ಬಿಟ್ಟ. ರಾತ್ರಿಯೆಲ್ಲ ಮೊಬೈಲು, ಬೆಳಗಾದರೆ ನಿದ್ದೆ. ನಿದ್ದೆಗೆಟ್ಟ ತಲೆಗೆ ಓದು ಹತ್ತದು; ಓದು ಹತ್ತದಿದ್ದರೆ ತಾನು ಯಾತಕ್ಕೂ ಬಾರದವನೆಂಬ ಹಳಹಳಿ. ಅದನ್ನು ಮರೆಯಲು ಒಂದು ಕ್ವಾರ್ಟರ್. ಅದರಿಂದ ಮನೆಯಲ್ಲಿ ಜಗಳ, ಮೇಲೆ ಇನ್ನಷ್ಟು ಸಾಲ.

ಇದರಲ್ಲಿ ಯಾವುದು ಕಾಯಿಲೆ, ಯಾವುದು ಕಾರಣ? ಬಿಡಿಸಿ ಹೇಳಲಾಗದು. ನಾವು ಮಾತ್ರ ಬಿಡಿಬಿಡಿಯಾಗಿಯೇ ನೋಡುತ್ತೇವೆ. ನಿದ್ದೆ ಬರದಿದ್ದರೆ ಗುಳಿಗೆ, ಕುಡಿದರೆ ಬುದ್ಧಿಮಾತು, ನೌಕರಿ ಇಲ್ಲದಿದ್ದರೆ ಯುವನಿಧಿ ಭತ್ಯೆ. ಅದೂ 2022-23ರಿಂದೀಚೆಗೆ ಪಾಸಾದವರಿಗೆ. ಈ ಹುಡುಗನಿಗೆ ದಕ್ಕುವುದಿಲ್ಲ. ಎಲ್ಲವನ್ನೂ ಒಟ್ಟಿಗೆ ನೋಡುವವರೆಂದರೆ ಮನೆಯವರು. ಅವರು "ಗಾಳಿ ಹತ್ಯಾದ" ಎಂದು ದೇವರ ಹತ್ತಿರ ಕರೆದೊಯ್ಯುತ್ತಾರೆ. ನಗುವ ಹಕ್ಕು ನಮಗಿಲ್ಲ, ಬೇರೆ ದಾರಿಯನ್ನು ನಾವು ತೋರಿಸಿದ್ದೆಲ್ಲಿ?

ಹೆಣ್ಣುಮಕ್ಕಳದು ಇನ್ನೂ ಒಳಗಿನ ಸಂಕಟ. ಅವರ ಬೇಸರಕ್ಕೆ ಮದುವೆಯೇ ಮದ್ದೆಂದು ಊರು ಎಂದೋ ತೀರ್ಮಾನಿಸಿಬಿಟ್ಟಿದೆ.

ಬೇರೆ ದಾರಿ ಹುಡುಕಲು ದೂರ ಹೋಗಬೇಕಿಲ್ಲ. ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ 1985ರಲ್ಲೇ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಸಿಬ್ಬಂದಿಗೆ ತರಬೇತಿ ಕೊಟ್ಟು ಹಳ್ಳಿಯಲ್ಲೇ ಚಿಕಿತ್ಸೆ ಸಾಧ್ಯವೆಂದು ತೋರಿಸಿತು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಹಾಗಿದ್ದೂ ನಮ್ಮವರು ಮನೋವೈದ್ಯರನ್ನು ಕಾಣಲು ಒಂದು ದಿನದ ಕೂಲಿ ಬಿಟ್ಟು ಬಸ್ಸು ಹತ್ತಿ ರಾಯಚೂರಿಗೆ ಬರಬೇಕು. ಎರಡನೇ ಸಲ ಬರುವವರು ಕಡಿಮೆ.

ನಮ್ಮ ಕೋರಿಕೆ ಇಷ್ಟು. ಮಾನಸಿಕ ಆರೋಗ್ಯ ತಂಡ ತಿಂಗಳಿಗೊಮ್ಮೆಯಾದರೂ ಚಂದ್ರಬಂಡಕ್ಕೆ ಬರಲಿ. ಅಂದೇ ಪಕ್ಕದ ಮೇಜಿನಲ್ಲಿ ಬ್ಯಾಂಕಿನವರೊಬ್ಬರು, ಉದ್ಯೋಗ ವಿನಿಮಯ ಕಚೇರಿಯವರೊಬ್ಬರು ಕೂರಲಿ. ಸಾಲದ ಮಾತನ್ನೂ ನಿದ್ದೆಯ ಮಾತನ್ನೂ ಹುಡುಗ ಒಂದೇ ದಿನ ಆಡುವಂತಾಗಲಿ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಪಂಚಾಯಿತಿ ಗ್ರಂಥಾಲಯದ ಗೋಡೆಗೆ ಬರೆಸಿ. ಹಗಲು ರಾತ್ರಿ ಯಾವಾಗ ಕರೆ ಮಾಡಿದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ ಎಂಬುದನ್ನೂ ಸೇರಿಸಿ. ತಂಡ ಬಂದ ದಿನ ನಡೆಯುವ ಶಿಬಿರದ ಬೋರ್ಡಿನ ಮೇಲೆ ಮಾತ್ರ 'ಯುವಜನರ ಆರೋಗ್ಯ ತಪಾಸಣೆ' ಎಂದಷ್ಟೇ ಇರಲಿ. ಹಾಗಿದ್ದರೆ ಹುಡುಗರು ಬರುತ್ತಾರೆ.

ಇಂತಿ,
ಚಂದ್ರಬಂಡ ಹೋಬಳಿಯ ಒಬ್ಬ ನಿವಾಸಿ