ರಕ್ತ ಕಮ್ಮಿ ಎಂಬ ಮಾತಿನ ಮರೆಯಲ್ಲಿ

ಕೊಪ್ಪಳ, ಯಲಬುರ್ಗಾ ಕಡೆ ಹೆಣ್ಣುಮಗಳೊಬ್ಬಳು ಸುಸ್ತು ಎಂದು ಗೋಡೆಗೆ ಒರಗಿದರೆ ಮನೆಯವರ ಬಾಯಲ್ಲಿ ಮೊದಲು ಬರುವ ಮಾತು ‘ರಕ್ತ ಕಮ್ಮಿ ಐತಿ’ ಎಂಬುದು. ಮಾತು ಸುಳ್ಳಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ಹೆಂಗಸರ ಪೈಕಿ ಶೇ 47.8 ಮಂದಿಗೆ ರಕ್ತಹೀನತೆ ಇದೆ. ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರಿಗೆ. ಇಷ್ಟು ಸಾಮಾನ್ಯವಾದ ಕಾಯಿಲೆಗೆ ಒಂದು ಕೆಟ್ಟ ಗುಣವಿದೆ. ಅದರ ಹಿಂದೆ ಬೇರೆ ರೋಗವೊಂದು ಅಡಗಿ ಕೂತರೂ ಯಾರಿಗೂ ಅನುಮಾನ ಬರುವುದಿಲ್ಲ. ಹಾಗೆ ಅಡಗಿ ಕೂರುವುದರಲ್ಲಿ ಲ್ಯೂಪಸ್ ಎಂಬ ರೋಗ ಬಹಳ ನಿಪುಣ.

ಹೊರಗಿನ ಕ್ರಿಮಿಗಳ ಮೇಲೆ ಯುದ್ಧ ಮಾಡಬೇಕಾದ ರೋಗನಿರೋಧಕ ಶಕ್ತಿಯು ದಾರಿ ತಪ್ಪಿ ತನ್ನದೇ ದೇಹದ ಮೇಲೆ ತಿರುಗಿ ಬೀಳುವುದೇ ಲ್ಯೂಪಸ್. ಚರ್ಮ, ಕೀಲು, ಮೂತ್ರಪಿಂಡ, ರಕ್ತ, ಮಿದುಳು ಯಾವುದನ್ನೂ ಅದು ಬಿಡುವುದಿಲ್ಲ. ರೋಗಿಗಳಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಹೆಂಗಸರು, ಅದೂ ಹೆರುವ ವಯಸ್ಸಿನವರು. ಇದು ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವಲ್ಲ. 1993ರಲ್ಲಿ ಪ್ರಕಟವಾದ, ದೆಹಲಿ ಸಮೀಪದ ಹಳ್ಳಿಗಳ ಅಧ್ಯಯನವೊಂದು ಲಕ್ಷಕ್ಕೆ ಸುಮಾರು ಮೂವರಿಗೆ ಈ ರೋಗ ಇದೆಯೆಂದು ಲೆಕ್ಕ ಹಾಕಿತು. 2011ರ ಜನಗಣತಿಯಂತೆ ಕೊಪ್ಪಳ ಜಿಲ್ಲೆಯ ಜನಸಂಖ್ಯೆ 13.9 ಲಕ್ಷ. ಆ ಲೆಕ್ಕ ಹಿಡಿದರೆ ಇಡೀ ಜಿಲ್ಲೆಗೆ ನಲವತ್ತೈದು ಮಂದಿ. ರಕ್ತ ಕಡಿಮೆ ಇರುವ ಲಕ್ಷಾಂತರ ಹೆಂಗಸರ ನಡುವೆ ಈ ನಲವತ್ತೈದು ಮಂದಿಯನ್ನು ಹುಡುಕುವುದು ಜೋಳದ ರಾಶಿಯಲ್ಲಿ ಹರಳು ಆರಿಸಿದ ಹಾಗೆ.

ಹೊಲದ ಕೆಲಸದವರಲ್ಲಿ ಇದರ ಗುರುತುಗಳೂ ಮರೆಮಾಚಿಕೊಳ್ಳುತ್ತವೆ. ಗಂಗಾವತಿ ಕಡೆ ಬಿಸಿಲಲ್ಲಿ ನಾಟಿ ಹಚ್ಚುವವಳ ಕೆನ್ನೆ, ಮೂಗಿನ ಮೇಲೆ ಕೆಂಪು ಎದ್ದರೆ ‘ಬಂಗು’ ಎನ್ನುತ್ತಾರೆ. ಬಿಸಿಲಿಗೆ ಹೋದಾಗೆಲ್ಲ ಅದು ಹೆಚ್ಚಾಗುವುದನ್ನು ಯಾರೂ ಗಮನಿಸುವುದಿಲ್ಲ. ಬಾಯಲ್ಲಿ ಹುಣ್ಣಾದರೆ ಮೈಯ ಕಾವು, ಕೂದಲು ಉದುರಿದರೆ ಬೋರ್‌ವೆಲ್ ನೀರಿನ ದೋಷ, ಬೆರಳಿನ ಗೆಣ್ಣು ಬಾತರೆ ಕೆಲಸದ ದಣಿವು. ಗರ್ಭ ನಿಲ್ಲದೆ ಎರಡು ಮೂರು ಸಲ ಹೋದರೆ ಹಣೆಬರಹ. ಒಂದೊಂದಕ್ಕೂ ಒಂದೊಂದು ಸಮಾಧಾನ ಸಿದ್ಧವಾಗಿರುತ್ತದೆ; ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡುವವರಿಲ್ಲ. ಕೊನೆಗೆ ಹಿಮೊಗ್ಲೋಬಿನ್ 8 ಎಂದು ಚೀಟಿ ಬರುತ್ತದೆ. ಕಬ್ಬಿಣದ ಗುಳಿಗೆ ಕೊಡುತ್ತಾರೆ. ಮೂರು ತಿಂಗಳು ನುಂಗಿದರೂ 8 ಎಂಬುದು 8 ಆಗಿಯೇ ಉಳಿದರೆ ‘ಈಕಿ ಗುಳಿಗಿ ಸರಿಯಾಗಿ ತಗೊಂಡಿಲ್ಲ’ ಎಂದು ಬೈಗುಳ ಬೀಳುವುದೂ ಅವಳಿಗೇ.

ಆದರೆ ಗುಳಿಗೆ ನುಂಗಿಯೂ ರಕ್ತ ಏರದಿರಲು ಕಾರಣವಿದೆ. ಲ್ಯೂಪಸ್ ಇರುವವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಒಂದಲ್ಲ ಒಂದು ಹಂತದಲ್ಲಿ ರಕ್ತಹೀನತೆ ಬರುತ್ತದೆ. ಅದರಲ್ಲಿ ಬಹುಪಾಲು ದೇಹದೊಳಗೆ ಸದಾ ಹೊಗೆಯಾಡುವ ಉರಿಯೂತದಿಂದ ಬರುವಂಥದ್ದು. ಉರಿಯೂತ ಇದ್ದಾಗ ಯಕೃತ್ತು ಹೆಪ್ಸಿಡಿನ್ ಎಂಬ ರಸವನ್ನು ಹೆಚ್ಚಾಗಿ ತಯಾರಿಸುತ್ತದೆ. 2000ದ ಆಸುಪಾಸಿನಲ್ಲಷ್ಟೇ ವಿಜ್ಞಾನಿಗಳ ಕಣ್ಣಿಗೆ ಬಿದ್ದ ಈ ರಸ ಕರುಳಿನಿಂದ ಕಬ್ಬಿಣ ಒಳಗೆ ಬರದಂತೆ, ಸಂಗ್ರಹದಲ್ಲಿರುವ ಕಬ್ಬಿಣ ಹೊರಗೆ ಹೋಗದಂತೆ ಬಾಗಿಲು ಹಾಕುತ್ತದೆ. ಹಗೇವಿನ ತುಂಬ ಜೋಳ ಇದ್ದೂ ಬಾಯಿಗೆ ಕಲ್ಲು ಮುಚ್ಚಿದರೆ ಮನೆಯಲ್ಲಿ ರೊಟ್ಟಿ ಆಗುವುದಿಲ್ಲವಲ್ಲ, ಹಾಗೆ. ಕಬ್ಬಿಣ ಇದೆ, ಅಸ್ಥಿಮಜ್ಜೆಗೆ ಸಿಗುತ್ತಿಲ್ಲ. ಇಂಥವರಿಗೆ ಮತ್ತೆ ಮತ್ತೆ ಗುಳಿಗೆ ಕೊಡುವುದು ಮುಚ್ಚಿದ ಹಗೇವಿನ ಮೇಲೆ ಇನ್ನಷ್ಟು ಜೋಳ ಸುರಿದಂತೆ. ಮೊದಲು ಉರಿಯೂತ ತಗ್ಗಬೇಕು. ಹೈಡ್ರಾಕ್ಸಿಕ್ಲೋರೋಕ್ವಿನ್ ಮೊದಲಾದ ಲ್ಯೂಪಸ್ ಔಷಧಿಗಳು ಆ ಕೆಲಸ ಮಾಡುತ್ತವೆ; ಅದರ ಹಿಂದೆ ರಕ್ತವೂ ನಿಧಾನಕ್ಕೆ ಏರುತ್ತದೆ.

ಇನ್ನೊಂದು ಕಡೆಯ ತಪ್ಪೂ ನಡೆಯುತ್ತದೆ. ಲ್ಯೂಪಸ್ ಎಂದು ಗೊತ್ತಾದ ಮೇಲೆ ರಕ್ತ ಕಡಿಮೆ ಇರುವುದಕ್ಕೆಲ್ಲ ಅದನ್ನೇ ಹೊಣೆ ಮಾಡಿ ಕೈ ತೊಳೆದುಕೊಳ್ಳುವುದು. ನಮ್ಮ ಹೆಂಗಸರಿಗೆ ಲ್ಯೂಪಸ್ ಇದ್ದರೂ ಮುಟ್ಟಿನ ರಕ್ತಸ್ರಾವ ನಿಲ್ಲುವುದಿಲ್ಲ, ಬರಿಗಾಲಲ್ಲಿ ಕೆಸರು ತುಳಿದರೆ ಕೊಕ್ಕೆಹುಳು ಬಿಡುವುದಿಲ್ಲ. ಕೀಲುನೋವಿಗೆಂದು ಅಂಗಡಿಯಿಂದ ತಂದು ನುಂಗುವ ನೋವಿನ ಗುಳಿಗೆ ಹೊಟ್ಟೆಯಲ್ಲಿ ಹುಣ್ಣು ಮಾಡಿ ಸದ್ದಿಲ್ಲದೆ ರಕ್ತ ಸೋರಿಸುತ್ತದೆ. ಜತೆಗೆ ಸ್ಟಿರಾಯ್ಡ್ ಇದ್ದರಂತೂ ಅಪಾಯ ಇಮ್ಮಡಿ. ಹೀಗಾಗಿ ಕಬ್ಬಿಣದ ನಿಜವಾದ ಕೊರತೆಯೂ ಲ್ಯೂಪಸ್ಸಿನ ಜತೆಜತೆಗೇ ಇರಬಹುದು. ಎರಡನ್ನೂ ಬೇರ್ಪಡಿಸಲು ಬರೀ ಹಿಮೊಗ್ಲೋಬಿನ್ ಸಾಲದು, ಫೆರಿಟಿನ್ ನೋಡಬೇಕು. ಅಲ್ಲೂ ಒಂದು ಮೋಸವಿದೆ. ಉರಿಯೂತ ಇದ್ದಾಗ ಫೆರಿಟಿನ್ ತಾನಾಗಿಯೇ ಏರುತ್ತದೆ, ಕೊರತೆ ಇದ್ದರೂ ಕಾಗದದ ಮೇಲೆ ‘ನಾರ್ಮಲ್’ ಎಂದು ಬರುತ್ತದೆ. ಆರೋಗ್ಯವಂತ ವಯಸ್ಕರಲ್ಲಿ ಫೆರಿಟಿನ್ 15ಕ್ಕಿಂತ ಕಡಿಮೆ ಇದ್ದರೆ ಕೊರತೆ ಎನ್ನುವ ವಿಶ್ವ ಆರೋಗ್ಯ ಸಂಸ್ಥೆ, ಸೋಂಕು ಅಥವಾ ಉರಿಯೂತ ಇರುವವರಲ್ಲಿ 70ಕ್ಕಿಂತ ಕಡಿಮೆ ಇದ್ದರೂ ಕೊರತೆಯೆಂದೇ ಎಣಿಸಬೇಕೆಂದು 2020ರಲ್ಲಿ ಹೇಳಿದೆ. ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ ಎಂಬ ಇನ್ನೊಂದು ಪರೀಕ್ಷೆ ಜತೆಗಿದ್ದರೆ ಚಿತ್ರ ಸ್ಪಷ್ಟವಾಗುತ್ತದೆ.

ತಡ ಮಾಡಬಾರದ ಒಂದು ಬಗೆ ಇದೆ. ಪ್ರತಿರೋಧ ಶಕ್ತಿ ಕೆಂಪು ರಕ್ತಕಣಗಳನ್ನೇ ಒಡೆದು ಹಾಕುವುದು. ಆಗ ವಾರವೊಂದರಲ್ಲೇ ಹಿಮೊಗ್ಲೋಬಿನ್ ಪಾತಾಳಕ್ಕೆ ಇಳಿಯಬಹುದು. ಕಣ್ಣು ಹಳದಿಯಾಗುತ್ತದೆ, ಮೂತ್ರ ಕಪ್ಪು ಚಹಾದಂತಾಗುತ್ತದೆ, ನಾಲ್ಕು ಹೆಜ್ಜೆಗೇ ಏದುಸಿರು. ಇದನ್ನು ‘ಕಾಮಾಲೆ’ ಎಂದು ನಾಟಿ ಔಷಧಿಗೆ ಕರೆದೊಯ್ದು ದಿನ ಕಳೆಯುವುದು ಜೀವಕ್ಕೇ ಕುತ್ತು. 1945ರಲ್ಲಿ ರಾಬಿನ್ ಕೂಂಬ್ಸ್ ಮತ್ತು ಸಂಗಡಿಗರು ವಿವರಿಸಿದ ಕೂಂಬ್ಸ್ ಪರೀಕ್ಷೆ ಇಂದಿಗೂ ಇದನ್ನು ಹಿಡಿದುಕೊಡುತ್ತದೆ. ಚಿಕಿತ್ಸೆ ಸ್ಟಿರಾಯ್ಡ್. ಕಬ್ಬಿಣದ ಗುಳಿಗೆಗೆ ಇಲ್ಲಿ ಕೆಲಸವಿಲ್ಲ.

ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಾಗಲೂ ರಕ್ತ ಕುಗ್ಗುತ್ತದೆ, ಕೆಲವು ಔಷಧಿಗಳಿಂದಲೂ ಕುಗ್ಗುತ್ತದೆ. ಮುಖ, ಕಾಲು ಬಾತು ಮೂತ್ರ ನೊರೆಯಾಗಿದ್ದರೆ ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯೇ ಎಂದು ನೋಡಿಸಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಆಗುವ ಅಗ್ಗದ ಪರೀಕ್ಷೆ ಅದು. ಅಗ್ಗ ಎಂಬ ಕಾರಣಕ್ಕೋ ಏನೋ, ಅದನ್ನು ಬರೆದುಕೊಡುವವರು ಕಡಿಮೆ.

ಊಟದ ಮಾತು. ಗಿಣಿಗೇರಿಯ ಸುತ್ತ ಕಬ್ಬಿಣ ಕರಗಿಸುವ ಕಾರ್ಖಾನೆಗಳು ಹೊಗೆಯಾಡುತ್ತವೆ, ಪಕ್ಕದ ಸಂಡೂರಿನ ಗುಡ್ಡವೆಲ್ಲ ಅದಿರು. ತಟ್ಟೆಯಲ್ಲಿ ಮಾತ್ರ ಕಬ್ಬಿಣಕ್ಕೆ ಬರ. ಬೆಳೆದ ಹೆಂಗಸಿಗೆ ದಿನಕ್ಕೆ 29 ಮಿಲಿಗ್ರಾಂ ಬೇಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ 2020ರ ಶಿಫಾರಸು. ನೂರು ಗ್ರಾಂ ಸಜ್ಜೆಯಲ್ಲಿ ಆರು ಮಿಲಿಗ್ರಾಮಿಗೂ ಹೆಚ್ಚು, ಜೋಳದಲ್ಲಿ ನಾಲ್ಕರಷ್ಟು ಇದ್ದರೆ ಪಾಲಿಶ್ ಅಕ್ಕಿಯಲ್ಲಿ ಒಂದೂ ಇಲ್ಲ. ಕಾಲುವೆ ನೀರು ಬಂದ ಮೇಲೆ ಗಂಗಾವತಿ ಅನ್ನಕ್ಕೆ ಒಗ್ಗಿತು. ಕುಷ್ಟಗಿಯ ಒಣಬೇಸಾಯದ ಮನೆಯಲ್ಲಿ ಸಜ್ಜಿ ರೊಟ್ಟಿ ಉಳಿದಿದ್ದರೆ ಅದನ್ನು ಬಡವರ ಊಟ ಎಂದು ಬಿಡುವುದು ಬೇಡ. ಜತೆಗೆ ಕಾಳುಪಲ್ಯ, ಗುರೆಳ್ಳು ಚಟ್ನಿ, ಮೇಲೆ ಅರ್ಧ ನಿಂಬೆ ಹಿಂಡಿದರೆ ಕಬ್ಬಿಣ ಚೆನ್ನಾಗಿ ಹೀರಿಕೊಳ್ಳುತ್ತದೆ. ಊಟ ಮುಗಿಯುತ್ತಲೇ ಚಹಾ ಕುಡಿದರೆ ಅದೆಲ್ಲ ಅರ್ಧಕ್ಕರ್ಧ ವ್ಯರ್ಥ. ಒಂದೆರಡು ತಾಸು ತಡೆಯಬೇಕು. ದನದ ಮೇವಾದ ಕುದುರೆಮಸಾಲೆ ಸೊಪ್ಪಿನ ಮೊಳಕೆ, ಪುಡಿ ‘ಶಕ್ತಿಗೆ’ ಎಂದು ಮಾರಾಟಕ್ಕೆ ಬರುವುದುಂಟು. ಅದು ಲ್ಯೂಪಸ್ಸನ್ನು ಕೆರಳಿಸಬಲ್ಲದು, ಹತ್ತಿರ ಸುಳಿಯಬಾರದು.

ನಿಜವಾದ ಕೊರತೆ ಇದ್ದವರು ಗುಳಿಗೆಯನ್ನು ದಿನಕ್ಕೆರಡು ಸಲ ನುಂಗಿ ಹೊಟ್ಟೆ ಕೆಡಿಸಿಕೊಳ್ಳುವ ಬದಲು ದಿನ ಬಿಟ್ಟು ದಿನ ಒಂದು ತೆಗೆದುಕೊಂಡರೆ ಹೀರಿಕೆ ಉತ್ತಮ ಎಂದು 2017ರಲ್ಲಿ ಪ್ರಕಟವಾದ ಸ್ವಿಸ್ ಸಂಶೋಧನೆ ತೋರಿಸಿದೆ. ವೈದ್ಯರನ್ನು ಕೇಳಿ ಹಾಗೆ ಮಾಡಬಹುದು. ಗ್ಯಾಸಿನ ಗುಳಿಗೆಯೂ ಹೀರಿಕೆಗೆ ಅಡ್ಡಿ. ಗುಳಿಗೆ ಒಗ್ಗದವರಿಗೆ, ಉರಿಯೂತ ಜೋರಾಗಿರುವವರಿಗೆ ರಕ್ತನಾಳದ ಮೂಲಕ ಕಬ್ಬಿಣ ಕೊಡುವ ದಾರಿ ಇದೆ, ಆಸ್ಪತ್ರೆಯಲ್ಲಿ ಮಾತ್ರ.

ಲ್ಯೂಪಸ್ ಇರುವವಳು ಬಸುರಿಯಾದರೆ ಆಶಾ ಕಾರ್ಯಕರ್ತೆ ಕೊಡುವ ಕೆಂಪು ಗುಳಿಗೆಯ ಜತೆ ಹೈಡ್ರಾಕ್ಸಿಕ್ಲೋರೋಕ್ವಿನ್ ಸಹ ಮುಂದುವರಿಯಬೇಕು. ‘ಕೂಸಿಗೆ ತೊಂದರಿ ಆದೀತು’ ಎಂದು ಮನೆಯ ಹಿರಿಯರು ಅದನ್ನೇ ಮೊದಲು ನಿಲ್ಲಿಸುತ್ತಾರೆ, ರೋಗ ಕೆರಳುವುದು ಆಗಲೇ. ಕೊಪ್ಪಳದ ವೈದ್ಯಕೀಯ ಕಾಲೇಜಿಗಾಗಲಿ ಹುಬ್ಬಳ್ಳಿಗಾಗಲಿ ಹೋಗುವಾಗ ಹಳೆಯ ರಕ್ತಪರೀಕ್ಷೆಯ ಚೀಟಿಗಳನ್ನೆಲ್ಲ ತಾರೀಖಿನ ಕ್ರಮದಲ್ಲಿ ಒಂದು ಚೀಲದಲ್ಲಿ ಹಾಕಿಕೊಂಡು ಹೋಗುವುದು ಒಳ್ಳೆಯದು. ಹಿಮೊಗ್ಲೋಬಿನ್ ಯಾವ ತಿಂಗಳು ಎಷ್ಟಿತ್ತು, ಯಾವ ಗುಳಿಗೆಗೆ ಏರಿತು, ಯಾವುದಕ್ಕೆ ಏರಲಿಲ್ಲ ಎಂಬುದೇ ಅಲ್ಲಿನ ವೈದ್ಯರು ಕೇಳುವ ಮೊದಲ ಪ್ರಶ್ನೆ.