ಕಪಾಟಿನ ಕದ: ದರಪಟ್ಟಿಯಲ್ಲಿ ಚೌಕಟ್ಟಿನ ಅಗಲವೂ ನಮೂದಾಗಲಿ

ಮರದ ಕಪಾಟುಗಳ ವ್ಯವಹಾರದಲ್ಲಿ ದರವು ಬಹುಮಟ್ಟಿಗೆ ಚದರಡಿಯ ಲೆಕ್ಕದಲ್ಲಿ ನಿಗದಿಯಾಗುತ್ತದೆ. ಮರದ ಜಾತಿ, ಪಾಲಿಶ್, ಹಿಡಿಕೆ ಎಲ್ಲವೂ ದರಪಟ್ಟಿಯಲ್ಲಿರುತ್ತವೆ. ಆದರೆ ಕದದ ಚೌಕಟ್ಟಿನ ಪಟ್ಟಿಗಳು ಎಷ್ಟು ಅಗಲವಿರಬೇಕೆಂಬುದು ಅಲ್ಲಿ ನಮೂದಾಗುವುದು ಅಪರೂಪ. ಈ ಲೋಪವೇ ಪ್ರಾಮಾಣಿಕ ತಯಾರಕನಿಗೆ ಮುಳುವಾಗುತ್ತಿದೆ ಎಂಬುದು ನನ್ನ ಅಭಿಮತ.

600 ಮಿ.ಮೀ. ಎತ್ತರ, 400 ಮಿ.ಮೀ. ಅಗಲದ ಒಂದು ಕದವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಸುತ್ತಲಿನ ಪಟ್ಟಿಯನ್ನು 60 ಮಿ.ಮೀ.ನಿಂದ 45 ಮಿ.ಮೀ.ಗೆ ಇಳಿಸಿದರೆ ಚೌಕಟ್ಟಿನ ಮರದಲ್ಲಿ ಸುಮಾರು ಶೇ. 22ರಷ್ಟು ಉಳಿತಾಯವಾಗುತ್ತದೆ. ತೇಗದ ಬೆಲೆಯನ್ನು ಬಲ್ಲವರಿಗೆ ಇದು ಅಲ್ಪ ಮೊತ್ತವಲ್ಲ. ಚದರಡಿಯ ದರ ಕಡಿಮೆಯಾಗುತ್ತದೆ, ಆದೇಶ ದೊರೆಯುತ್ತದೆ. ವ್ಯತ್ಯಾಸವು ಗ್ರಾಹಕನ ಕಣ್ಣಿಗೆ ಬೀಳುವುದಿಲ್ಲ.

ಅದರ ಪರಿಣಾಮ ಕಾಣುವುದು ಕೀಲಿನ ಬಳಿ. 'ಆಟೋ ಹಿಂಜ್' ಎಂದು ಕರೆಯಲಾಗುವ ಮರೆಕೀಲಿನ ಬಟ್ಟಲಿಗೆ 35 ಮಿ.ಮೀ. ವ್ಯಾಸದ ಕುಳಿ ಬೇಕು. ಕದದ ಅಂಚಿನಿಂದ ಸುಮಾರು 5 ಮಿ.ಮೀ. ಬಿಡಬೇಕು. ಅಂದರೆ ಅಂಚಿನಿಂದ 40 ಮಿ.ಮೀ. ಕೀಲಿಗೇ ಮೀಸಲು. ಹಲಗೆ ಕೂರುವ ಗ್ರೂವ್ 10 ಮಿ.ಮೀ. ಆಳವಿದ್ದರೆ, 60 ಮಿ.ಮೀ. ಪಟ್ಟಿಯಲ್ಲಿ ಇವೆರಡರ ನಡುವೆ 10 ಮಿ.ಮೀ. ಗಟ್ಟಿ ಮರ ಉಳಿಯುತ್ತದೆ. 45 ಮಿ.ಮೀ. ಪಟ್ಟಿಯಲ್ಲಾದರೋ ಕುಳಿಯು ಗ್ರೂವಿನ ಮೇಲೆಯೇ ಬರುತ್ತದೆ. ಸ್ಕ್ರೂ ಸಡಿಲಗೊಂಡು ಕದ ಜೋತು ಬಿದ್ದಾಗ ಗ್ರಾಹಕನು ದೂರುವುದು ಆ ಒಬ್ಬ ಬಡಗಿಯನ್ನಲ್ಲ, ಮರದ ಕೆಲಸವನ್ನೇ. ಮುಂದಿನ ಬಾರಿ ಆತ ಕಾರ್ಖಾನೆಯ ಎಂ.ಡಿ.ಎಫ್. ಕದಗಳತ್ತ ಹೊರಳುತ್ತಾನೆ.

ಹಾಗೆಂದು ಅಗಲ ಹೆಚ್ಚಿದಷ್ಟೂ ಒಳ್ಳೆಯದೆಂದು ಭಾವಿಸಬೇಕಿಲ್ಲ. 150 ಮಿ.ಮೀ. ಎತ್ತರದ ಸೆಳೆಖಾನೆಗೆ ಮೇಲೆ ಕೆಳಗೆ 60 ಮಿ.ಮೀ. ಪಟ್ಟಿ ಕೂಡಿಸಿದರೆ ಹಲಗೆಗೆ ಉಳಿಯುವುದು 30 ಮಿ.ಮೀ. ಮಾತ್ರ, ಅಲ್ಲಿ ಕಿರಿದಾದ ಅಡ್ಡಪಟ್ಟಿ ಅಥವಾ ಒಂದೇ ಹಲಗೆ ಸೂಕ್ತ. ಜೋಡಿ ಕದಗಳು ಮುಚ್ಚಿದಾಗ ನಡುವೆ ಎರಡು ನಿಲುಪಟ್ಟಿಗಳು ಸೇರಿ 120 ಮಿ.ಮೀ. ಆಗುವುದನ್ನೂ ಗಮನಿಸಬೇಕು. ಎತ್ತರದ ಬೀರುವಿನ ಕದಕ್ಕೆ ಅಗಲವಾದ ನಿಲುಪಟ್ಟಿ, ನಡುವೆ ಒಂದು ಅಡ್ಡಪಟ್ಟಿ, ತಳದಲ್ಲಿ ತುಸು ಹೆಚ್ಚು ಅಗಲದ ಪಟ್ಟಿ ಇದ್ದರೆ ಬಲವೂ ಬರುತ್ತದೆ, ನೋಟವೂ ಸಮತೋಲದಲ್ಲಿರುತ್ತದೆ.

ಇಂತಹ ವಿವರಗಳನ್ನು ಬರೆದಿಟ್ಟರೆ ವಿನ್ಯಾಸದ ಸ್ವಾತಂತ್ರ್ಯ ಕುಗ್ಗುವುದೆಂದು ಕೆಲವರು ಆಕ್ಷೇಪಿಸಬಹುದು. ನಾನು ಕೋರುವುದು ಒಂದೇ ಅಳತೆಯನ್ನಲ್ಲ, ಅಳತೆಯ ನಮೂದನ್ನು. ಬಾಗಿಲು, ಕಿಟಕಿಗಳ ಮರದ ಪ್ಯಾನೆಲ್ ಕದಗಳಿಗೆ ಐ.ಎಸ್. 1003 ಎಂಬ ಭಾರತೀಯ ಮಾನಕವಿದೆ. ಅದರಿಂದ ಬಾಗಿಲುಗಳ ವೈವಿಧ್ಯವೇನೂ ಅಳಿದಿಲ್ಲ.

ಆದುದರಿಂದ ನಮ್ಮ ವಾಣಿಜ್ಯ ಸಂಸ್ಥೆಯು ಒಂದು ಪುಟದ ಮಾದರಿ ದರಪಟ್ಟಿಯನ್ನು ಸಿದ್ಧಪಡಿಸಿ ಸದಸ್ಯರಿಗೆ ಒದಗಿಸುವುದು ಸೂಕ್ತ. ನಿಲುಪಟ್ಟಿ, ಅಡ್ಡಪಟ್ಟಿಗಳ ಅಗಲ, ಕದದ ದಪ್ಪ, ಗ್ರೂವಿನ ಆಳ ಎಂಬ ನಾಲ್ಕು ಸಾಲುಗಳು ಅದರಲ್ಲಿದ್ದರೆ ಸಾಕು. ಅಳತೆ ಲಿಖಿತವಾಗಿದ್ದರೆ ಗ್ರಾಹಕನು ದರಗಳನ್ನು ಸರಿಯಾಗಿ ತೂಗಿನೋಡಬಲ್ಲ. ಪೈಪೋಟಿಯೂ ನ್ಯಾಯವಾದ ನೆಲೆಯಲ್ಲಿ ನಡೆದೀತು.