ದಂಡನೆಯ ದಾಖಲೆಗೆ ಬೀಗವೇಕೆ?

ಹೊರನಾಡಿನಲ್ಲಿ ನೆಲೆಸಿದ ಕನ್ನಡಿಗನಿಗೆ ವಕೀಲರ ಅಗತ್ಯ ಎರಡು ಕಡೆಯಿಂದ ಒದಗುತ್ತದೆ. ಮುಂಬಯಿಯ ಬಾಡಿಗೆ ಮನೆಯ ತಕರಾರು ಇಲ್ಲಿ, ಪಿತ್ರಾರ್ಜಿತ ಜಮೀನಿನ ಪಾಲುದಾವೆ ಊರಲ್ಲಿ. ಇಲ್ಲಿಯ ವಕೀಲರ ಪರಿಚಯವಿಲ್ಲ. ಊರಿನ ಪರಿಚಯ ಹಳತಾಗಿದೆ. ಕೊನೆಗೆ ಯಾರೋ ಹೇಳಿದ ಹೆಸರನ್ನು ನಂಬಿ ವಕಾಲತ್ತಿಗೆ ಸಹಿ ಹಾಕಿ, ಶುಲ್ಕದೊಡನೆ ಮೂಲಪತ್ರಗಳನ್ನೂ ಒಪ್ಪಿಸುತ್ತಾನೆ. ಆ ವಕೀಲರು ಹಿಂದೆ ಕಕ್ಷಿದಾರರ ಹಣ ನುಂಗಿ ಶಿಕ್ಷೆಗೆ ಒಳಗಾಗಿದ್ದರೇ ಎಂದು ತಿಳಿಯುವ ಸುಲಭ ಮಾರ್ಗ ಅವನಿಗಿಲ್ಲ. ಈ ಕತ್ತಲೆಗೆ ಕಾನೂನು ಕಾರಣವಲ್ಲ ಎಂಬುದೇ ನನ್ನ ತಕರಾರು.

1961ರ ವಕೀಲರ ಅಧಿನಿಯಮದ 35ನೆಯ ಕಲಮು ರಾಜ್ಯ ವಕೀಲರ ಪರಿಷತ್ತಿನ ಶಿಸ್ತು ಸಮಿತಿಗೆ ಮೂರು ದಂಡನೆಗಳ ಅಧಿಕಾರ ಕೊಟ್ಟಿದೆ: ಛೀಮಾರಿ, ಅಮಾನತು, ನಾಮಾವಳಿಯಿಂದ ಹೆಸರು ತೆಗೆಯುವುದು. 41ನೆಯ ಕಲಮು ಇನ್ನೂ ಮುಂದೆ ಹೋಗಿ, ಛೀಮಾರಿ ಅಥವಾ ಅಮಾನತು ವಿಧಿಸಿದಾಗ ಅದನ್ನು ನಾಮಾವಳಿಯಲ್ಲಿ ಆ ವಕೀಲರ ಹೆಸರಿನೆದುರು ದಾಖಲಿಸತಕ್ಕದ್ದು ಎನ್ನುತ್ತದೆ. ಅಂದರೆ ಬರೆದಿಡುವ ಹೊಣೆ ಅರುವತ್ತು ವರ್ಷಗಳಿಂದಲೂ ಇದೆ. ಬರೆದದ್ದನ್ನು ಕಕ್ಷಿದಾರನು ಹೆಸರು ಕೊಟ್ಟು ಹುಡುಕಿ ಓದಬಲ್ಲ, ದೇಶಕ್ಕೆಲ್ಲ ಒಂದೇ ಆದ ವ್ಯವಸ್ಥೆ ಮಾತ್ರ ಇಲ್ಲ. ಕಕ್ಷಿದಾರನಿಗೆ ಕಾಣದ ದಾಖಲೆಯಿಂದ ಅವನಿಗೇನು ರಕ್ಷಣೆ?

ಸರ್ವೋಚ್ಚ ನ್ಯಾಯಾಲಯದವರೆಗೆ ಹೋದ ಪ್ರಕರಣಗಳನ್ನಷ್ಟೇ ನಾವು ಬಲ್ಲೆವು. ಮುಂಬಯಿಯ ಮ್ಯಾಜಿಸ್ಟ್ರೇಟ್ ನ್ಯಾಯಾಲಯದ ಬಾಗಿಲಲ್ಲಿ ಕಕ್ಷಿದಾರರಿಗಾಗಿ ಮುಗಿಬೀಳುತ್ತಿದ್ದ ವಕೀಲರ ನಡತೆಯನ್ನು ಅದು 1975ರಲ್ಲಿ ವಿಚಾರಿಸಿತು. ಶುಲ್ಕ ಬಾಕಿಯೆಂಬ ಕಾರಣಕ್ಕೆ ಕಕ್ಷಿದಾರನ ಕಡತ ಹಿಡಿದಿಟ್ಟುಕೊಳ್ಳುವುದು ವೃತ್ತಿ ದುರ್ನಡತೆ ಎಂದು 2000ರಲ್ಲಿ ಸಾರಿತು. ಅಲ್ಲಿಗೆ ತಲುಪದ ಆದೇಶಗಳು ಪರಿಷತ್ತುಗಳ ಕಪಾಟುಗಳಲ್ಲೇ ಉಳಿಯುತ್ತವೆ.

ವಿಪರ್ಯಾಸವನ್ನು ಗಮನಿಸಿ. ಇ-ಕೋರ್ಟ್ಸ್ ಜಾಲತಾಣದಲ್ಲಿ ಕಕ್ಷಿದಾರನ ಹೆಸರು ಬರೆದರೆ ಅವನ ದಾವೆಗಳ ವಿವರ ಯಾರಿಗಾದರೂ ದೊರೆಯುತ್ತದೆ. ಅಣ್ಣತಮ್ಮಂದಿರ ಜಗಳವನ್ನು ಲೋಕದೆದುರು ತೆರೆದಿಡಬಹುದಾದರೆ, ಆ ಜಗಳದಲ್ಲಿ ವಾದಿಸುವವರ ವೃತ್ತಿದೋಷಕ್ಕೆ ಮಾತ್ರ ಪರದೆಯೇಕೆ? ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ವಕೀಲರ ಹೆಸರಿನೊಡನೆಯೇ ಅವರ ಬಹಿರಂಗ ಶಿಸ್ತುಕ್ರಮಗಳೂ ಕಾಣುತ್ತವೆ. ಇಂಗ್ಲೆಂಡಿನಲ್ಲಿ ಸಾಲಿಸಿಟರುಗಳ ಶಿಸ್ತು ನ್ಯಾಯಮಂಡಳಿ ತನ್ನ ತೀರ್ಪುಗಳನ್ನು ಪ್ರಕಟಿಸುತ್ತದೆ. ಅಲ್ಲಿಯ ವಕೀಲವೃತ್ತಿ ಇದರಿಂದ ಕುಸಿದುಬಿದ್ದಿಲ್ಲ.

ದಾವೆ ಸೋತವರು ಸಿಟ್ಟಿನಿಂದ ಸುಳ್ಳು ದೂರು ಕೊಡುತ್ತಾರೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ಆದುದರಿಂದ ದೂರುಗಳನ್ನು ಪ್ರಕಟಿಸುವುದು ಬೇಡ. ವಿಚಾರಣೆ ಮುಗಿದು ಹೊರಬಿದ್ದ ದಂಡನೆಯ ಆದೇಶ ಸಾಕು. ಮೇಲ್ಮನವಿ ಇದ್ದರೆ ಅದನ್ನೂ ನಮೂದಿಸಲಿ. ಸಣ್ಣ ತಪ್ಪಿನ ಛೀಮಾರಿಯನ್ನು ಕೆಲವು ವರ್ಷಗಳ ಬಳಿಕ ಅಳಿಸುವುದಾದರೆ ನನ್ನ ವಿರೋಧವಿಲ್ಲ. ಆದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ ಕೇಳಿರೆಂಬ ಉತ್ತರವನ್ನು ಒಪ್ಪಲಾರೆ. ಒಂದು ಹೆಸರಿಗೆ ಮೂವತ್ತು ದಿನ ಕಾಯುವಷ್ಟರಲ್ಲಿ ದಾವೆಯ ಕಾಲಮಿತಿಯೇ ಮುಗಿದೀತು. ಸಾರ್ವಜನಿಕ ಪ್ರಾಧಿಕಾರಗಳು ಕೇಳದೆಯೇ ಮಾಹಿತಿ ಪ್ರಕಟಿಸುತ್ತಿರಬೇಕೆಂಬುದು 2005ರ ಆ ಅಧಿನಿಯಮದ 4ನೆಯ ಕಲಮಿನ ಆಶಯವೂ ಹೌದು.

ಶಿಸ್ತು ಸಮಿತಿಯ ಮೂವರೂ ವಕೀಲರೇ. ತಮ್ಮವರನ್ನು ತಾವೇ ವಿಚಾರಿಸುವ ಈ ಅಧಿಕಾರವನ್ನು ಸಂಸತ್ತು ಅವರಿಗೆ ವಿಶ್ವಾಸದಿಂದ ಕೊಟ್ಟಿತು. ವಿಚಾರಣೆಯ ಫಲವನ್ನು ಬಚ್ಚಿಟ್ಟರೆ ಪ್ರಾಮಾಣಿಕ ವಕೀಲರ ಮೇಲೂ ಜನರ ಸಂಶಯ ಹರಡುತ್ತದೆ. ಇಂದು ಒಂದು ರಾಜ್ಯದ ಸನ್ನದು ಪಡೆದವರು ದೇಶದೆಲ್ಲೆಡೆ ವಾದಿಸಬಹುದು. ಆದುದರಿಂದ ಭಾರತೀಯ ವಕೀಲರ ಪರಿಷತ್ತು ಎಲ್ಲ ರಾಜ್ಯಗಳ ನಾಮಾವಳಿಗಳನ್ನು ಒಂದೆಡೆ ತಂದು, 41ನೆಯ ಕಲಮಿನ ನಮೂದುಗಳ ಸಮೇತ, ಆಯಾ ರಾಜ್ಯದ ಭಾಷೆಯಲ್ಲಿಯೂ ತೆರೆದಿಡಬೇಕು. ಇದಕ್ಕೆ ಹೊಸ ಕಾನೂನಿಗಾಗಿ ಕಾಯುವ ಅಗತ್ಯವಿಲ್ಲ. ಬರೆದದ್ದನ್ನು ತೋರಿಸುವ ಮನಸ್ಸಿದ್ದರೆ ಸಾಕು.